ಹಾಲು ಕಕ್ಕಿದ ಬೆಟ್ಟ

ವಾಪಸು ಬಂದು ಎರಡೂವರೆ ತಿಂಗಳಾಯಿತು. ಚಪ್ಪಲಿಯ ಹೊಲಿಗೆಯೊಳಗೆ ಸೇರಿಕೊಂಡ ಸಂಡೂರಿನ ಕೆಂಪು ಮಣ್ಣು ಇನ್ನೂ ಹೋಗಿಲ್ಲ. ಮಳೆಯಲ್ಲಿ ನೆನೆದ ದಿನ ಕಾಲ್ಬೆರಳ ಸಂದಿಯಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ದೇವರ ಗೂಡಿನಲ್ಲಿ ಅಕ್ಕ ಇಟ್ಟುಹೋದ ವಿಭೂತಿಯ ಬಿಳಿ ಹೆಂಟೆ ಇದೆ. ಎರಡೂ ಒಂದೇ ತಾಲ್ಲೂಕಿನ ಮಣ್ಣು. ಕೆಂಪನ್ನು ಲಾರಿ ತುಂಬ ಹೊತ್ತೊಯ್ಯುತ್ತಾರೆ, ಬಿಳಿಯದನ್ನು ಕಾಗದದಲ್ಲಿ ಸುತ್ತಿ ಕೊಡುತ್ತಾರೆ.

ಹೊರಟಿದ್ದು ಅಕ್ಕನ ಹಟಕ್ಕೆ. ಮಗಳನ್ನು ನೋಡಲು ಇಂಗ್ಲೆಂಡಿಗೆ ಹೋಗಿದ್ದವಳು ಅಲ್ಲಿ ಸಮುದ್ರದ ದಂಡೆಯ ಬ್ರೈಟನ್ ಊರಿನಲ್ಲಿ ಒಂದು ಅರಮನೆ ನೋಡಿ ಬಂದಿದ್ದಳು. ನಾಲ್ಕನೇ ಜಾರ್ಜ್ ದೊರೆಯ ಮೋಜಿನ ಮನೆ. ವಾಸ್ತುಶಿಲ್ಪಿ ಜಾನ್ ನ್ಯಾಶ್ 1815ರಿಂದ 1822ರವರೆಗೆ ಅದಕ್ಕೆ ಈರುಳ್ಳಿ ಆಕಾರದ ಗುಂಬಜುಗಳನ್ನೂ ಮಿನಾರುಗಳನ್ನೂ ಏರಿಸಿದ. ಅಡುಗೆಮನೆಯ ಕಬ್ಬಿಣದ ಕಂಬಗಳ ನೆತ್ತಿಗೆ ತಾಳೆಗರಿಗಳು. "ಆ ದೊರೆ ಒಂದು ಸಲವೂ ಇಂಡಿಯಾಕ್ಕೆ ಬಂದವನಲ್ಲ ಕಣೋ," ಎಂದಳು ಅಕ್ಕ. "ನಮ್ಮ ಮನೆಗಳನ್ನ ನೋಡದೇ ನಮ್ಮ ಮನೆ ಕಟ್ಟಿಸಿಕೊಂಡಿದಾನೆ. ನಾವು ಮಾತ್ರ ನಮ್ಮ ಕಡೆಯ ರಾಜರ ಮನೆಗಳನ್ನ ಸರಿಯಾಗಿ ನೋಡಿಲ್ಲ." ಮೈಸೂರಿನಲ್ಲಿ ಹುಟ್ಟಿ ಅರಮನೆಯ ದೀಪ ನೋಡಿಕೊಂಡೇ ಮುದುಕರಾಗುತ್ತಿರುವವರಿಗೆ ಇದು ಎಷ್ಟರಮಟ್ಟಿಗೆ ಒಪ್ಪುವ ಮಾತೋ ಗೊತ್ತಿಲ್ಲ. ಆದರೆ ಅಕ್ಕ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿದವಳು, ಅವಳ ಜೊತೆ ವಾದ ಗೆದ್ದವರಿಲ್ಲ. ಹಂಪಿ ಎಕ್ಸ್‌ಪ್ರೆಸ್ ಹತ್ತಿದೆವು.

ಹೊಸಪೇಟೆಯಲ್ಲಿ ಬೆಳಗಾಯಿತು. ಕೃಷ್ಣದೇವರಾಯ ನಾಗಲಾದೇವಿಯ ಹೆಸರಿನಲ್ಲಿ ಕಟ್ಟಿಸಿದ ನಾಗಲಾಪುರ ಇದು. ರಾಣಿಯ ಹೆಸರು ಅಳಿಸಿ 'ಹೊಸ ಪೇಟೆ' ಉಳಿಯಿತು. ಸ್ಟೇಷನ್ನಿನ ಹೊರಗಿನ ಗಾಡಿಯಲ್ಲಿ ಅಷ್ಟು ಹೊತ್ತಿಗೇ ಮಿರ್ಚಿ ಕರಿಯುತ್ತಿದ್ದರು. ನಮ್ಮಲ್ಲಿ ಮೆಣಸಿನಕಾಯಿ ಬಜ್ಜಿ ಸಂಜೆಯ ಸಂಗತಿ, ಇಲ್ಲಿ ಅದು ತಿಂಡಿ. ಕಾಗದದ ಮೇಲೆ ಒಗ್ಗರಣಿ ಮಂಡಕ್ಕಿ, ಅದರ ಮೇಲೆ ಎರಡು ಮಿರ್ಚಿ, ಪಕ್ಕದಲ್ಲಿ ಹಸಿ ಈರುಳ್ಳಿ. ಅಕ್ಕ ಇಡ್ಲಿ ಕೇಳಿದಳು. ಗಾಡಿಯವನು ನಕ್ಕು, "ಇಡ್ಲಿ ಮೈಸೂರಾಗ ತಿನ್ರಿ ಅಮ್ಮಾರ, ಇಲ್ಲಿ ಇದನ್ನ ತಿನ್ರಿ," ಎಂದ. ತಿಂದಳು. ಆಮೇಲೆ ನಾಲ್ಕು ದಿನವೂ ಅದನ್ನೇ ಹುಡುಕಿದಳು.

ಹಂಪಿಯ ಬಗ್ಗೆ ಬರೆಯದವರಿಲ್ಲ, ಹಾಗಾಗಿ ಹೆಚ್ಚು ಬರೆಯುವುದಿಲ್ಲ. ವಿರೂಪಾಕ್ಷ, ವಿಠ್ಠಲ, ಹಜಾರರಾಮ ಎಲ್ಲ ನಿಂತಿವೆ. ರಾಜ ಮಲಗುತ್ತಿದ್ದ, ಉಣ್ಣುತ್ತಿದ್ದ, ಹೆಂಡಿರ ಜೊತೆ ಜಗಳಾಡುತ್ತಿದ್ದ ಮನೆ ಮಾತ್ರ ಸೊಂಟದೆತ್ತರದ ಕಲ್ಲಿನ ಜಗಲಿ. ದೇವರಿಗೆ ಕಲ್ಲು, ರಾಜರಿಗೆ ಮರ. 1565ರ ಬೆಂಕಿ ಮರವನ್ನು ಆರಿಸಿಕೊಂಡಿತು. ಸಭಾಮಂಟಪದ ನೆಲದಲ್ಲಿ ಸಾಲುಸಾಲಾಗಿ ಕಂಬ ನಿಲ್ಲಿಸಿದ ಗುರುತುಗಳಿವೆ, ಕಂಬಗಳಿಲ್ಲ. ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಇಲ್ಲೇ ಎಲ್ಲೋ ದಂತದ ಕೆತ್ತನೆಯ ಕೋಣೆ ಕಂಡು ಬೆರಗಾಗಿ ಬರೆದ. ಗೈಡು ಒಬ್ಬ ಶಾಲಾಮಕ್ಕಳ ಹಿಂಡಿಗೆ ಜಗಲಿ ತೋರಿಸಿ "ಇದು ಅರಮನೆ" ಅಂದಾಗ ಒಬ್ಬ ಹುಡುಗ ಅದರ ಮೇಲೆ ಹತ್ತಿ ನಿಂತು ಸುತ್ತ ನೋಡಿ, "ಎಲ್ಲೈತ್ರೀ?" ಎಂದು ಕೇಳಿದ. ಅವನು ಅರಮನೆಯ ಒಳಗೇ ನಿಂತಿದ್ದ.

ಮೈಸೂರಿನ ನಮಗೂ ಈ ಕಥೆ ಗೊತ್ತು. ನಮ್ಮ ಮರದ ಅರಮನೆ 1897ರಲ್ಲಿ ರಾಜಕುಮಾರಿಯ ಮದುವೆಯ ಹೊತ್ತಿಗೇ ಸುಟ್ಟುಹೋಯಿತು. ಈಗಿರುವುದನ್ನು ಹೆನ್ರಿ ಇರ್ವಿನ್ ಎಂಬ ಬ್ರಿಟಿಷ್ ವಾಸ್ತುಶಿಲ್ಪಿ 1912ರ ಹೊತ್ತಿಗೆ ಮುಗಿಸಿಕೊಟ್ಟ. ಅದರ ಗುಂಬಜುಗಳಿಗೂ ಬ್ರೈಟನ್ನಿನ ಗುಂಬಜುಗಳಿಗೂ ದೂರದ ನೆಂಟಸ್ತಿಕೆ ಇದೆ ಎಂದು ಅಕ್ಕನ ವಾದ. ನಾನು ಹೂಂ ಅಂದೆ. ಬಿಸಿಲು ಜೋರಿತ್ತು.

ಮರುದಿನ ಸಂಡೂರು. ಸೆಪ್ಟೆಂಬರ್ ತಿಂಗಳು. ಬಳ್ಳಾರಿ ಸೀಮೆಯೆಂದರೆ ಬೋಳು ಬಂಡೆ, ಜಾಲಿ, ಬಿಸಿಲು ಎಂದುಕೊಂಡು ಹೋದವರಿಗೆ ಈ ಕಣಿವೆ ಮೋಸ ಮಾಡುತ್ತದೆ. ಎರಡೂ ಕಡೆ ಉದ್ದಕ್ಕೆ ಹಾಸಿದ ಹಸಿರು ಬೆಟ್ಟ, ಹಸಿರಿನ ನಡುವೆ ಗಾಯದಂತೆ ಗಣಿ ಕಡಿದ ಕೆಂಪು. ರಸ್ತೆಬದಿಯ ಗಿಡದೆಲೆಗಳೆಲ್ಲ ಕಾವಿ ಬಳಿದುಕೊಂಡು ನಿಂತಿವೆ. "ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕು ಅಂತ ಗಾಂಧೀಜಿನೇ ಹೇಳ್ಯಾರ್ರಿ," ಎಂದ ಕಾರಿನ ಹುಡುಗ. ಈ ಊರಿನಲ್ಲಿ ಎಲ್ಲರೂ ಹೇಳುವ ಮಾತದು. 1934ರಲ್ಲಿ ಗಾಂಧೀಜಿ ಇಲ್ಲಿಗೆ ಬಂದಿದ್ದರು. ದೇವಸ್ಥಾನವನ್ನು ಹರಿಜನರಿಗೆ ತೆರೆದುಕೊಟ್ಟ ಪುಟ್ಟ ಸಂಸ್ಥಾನವೆಂದು ಅವರಿಗೆ ಇದರ ಮೇಲೆ ಪ್ರೀತಿ. ಹುಡುಗ ಮುಂದುವರಿಸಿದ: "ಈಗ ಬಂದಿದ್ರ ಲಾರಿ ನೋಡಿ ವಾಪಸ್ ಹೋಗ್ತಿದ್ರು." 2011ರಲ್ಲಿ ಸುಪ್ರೀಂ ಕೋರ್ಟು ಗಣಿ ನಿಲ್ಲಿಸಿದಾಗ ಮಾತ್ರ ಕೆಲಕಾಲ ಎಲೆಗಳು ಎಲೆಯ ಬಣ್ಣದಲ್ಲೇ ಇದ್ದವಂತೆ. ಆದರೆ ಆಗ ಅವನ ಅಪ್ಪನಿಗೆ ಕೆಲಸವೂ ಇರಲಿಲ್ಲ.

ಸಂಡೂರು ಸುಮಾರು 160 ಚದರ ಮೈಲಿಯ ಸಂಸ್ಥಾನ. 1901ರಲ್ಲಿ ಅಲ್ಲಿದ್ದವರು ಸುಮಾರು 11,000 ಜನ. ಮೈಸೂರಿನ ಒಂದು ಮೊಹಲ್ಲಾಕ್ಕೆ ಇಷ್ಟು ಜನ ಸಾಲದು. ಆಳಿದವರು ಘೋರ್ಪಡೆಗಳು. ಉಡದ ಸೊಂಟಕ್ಕೆ ಹಗ್ಗ ಕಟ್ಟಿ ಕೋಟೆ ಹತ್ತಿದ ಪೂರ್ವಿಕನಿಂದ ಬಂದ ಹೆಸರು ಎನ್ನುತ್ತಾರೆ. ಮರಾಠಿಯಲ್ಲಿ ಘೋರ್ಪಡ ಅಂದರೆ ಉಡ. 1728ರಲ್ಲಿ ಸಿದ್ದೋಜಿರಾವ್ ಬೇಡ ಪಾಳೆಯಗಾರನಿಂದ ಈ ಕಣಿವೆಯನ್ನು ಕಿತ್ತುಕೊಂಡ. ಗುತ್ತಿಯ ಮುರಾರಿರಾವ್ ಅವನ ಮಗ. ಮುರಾರಿರಾವನನ್ನು 1776ರಲ್ಲಿ ಹೈದರಾಲಿ ಸೆರೆಹಿಡಿದ, ಅವನು ಕಬ್ಬಾಳದುರ್ಗದಲ್ಲಿ ಸತ್ತ. ಸಂಡೂರು ಹೈದರನಿಗೂ ಟಿಪ್ಪುವಿಗೂ ಹೋಗಿ, 1790ರಲ್ಲಿ ಮತ್ತೆ ಘೋರ್ಪಡೆಗಳ ಕೈಗೆ ಬಂತು. ಹಿಡಿದದ್ದು ಬಿಟ್ಟು, ಬಿಟ್ಟದ್ದು ಹಿಡಿದು, ಆ ಉಡದ ಹೆಸರಿಗೆ ತಕ್ಕಂತೆಯೇ ನಡೆದುಕೊಂಡ ಮನೆತನ.

ಅವರ ಶಿವವಿಲಾಸ ಅರಮನೆ ಈಗ ಅತಿಥಿಗಳು ಉಳಿದುಕೊಳ್ಳುವ ಹೋಟೆಲು. ಮೈಸೂರಿನವರ ಕಣ್ಣಿಗೆ ಅದು ಅರಮನೆಯಲ್ಲ, ದೊಡ್ಡ ಮನೆ. ಹಾಗೆ ಅನ್ನಿಸಿದ್ದಕ್ಕೇ ನನಗೆ ಅದು ಹಿಡಿಸಿತು. ಹಂಪಿಯ ಚಕ್ರವರ್ತಿಯ ಮನೆಯಲ್ಲಿ ಜಗಲಿ ಮಾತ್ರ. 160 ಚದರ ಮೈಲಿಯ ರಾಜನ ಮನೆಯಲ್ಲಿ ಸೂರಿದೆ, ಬಾಗಿಲಿದೆ, ಚಹಾ ತಂದುಕೊಡುವವರಿದ್ದಾರೆ. ಈ ಮನೆತನದ ಎಂ.ವೈ. ಘೋರ್ಪಡೆ ದೇವರಾಜ ಅರಸರ ಕಾಲದಲ್ಲಿ ರಾಜ್ಯದ ಹಣಕಾಸು ಮಂತ್ರಿಯಾಗಿದ್ದವರು. ಕಾಡುಪ್ರಾಣಿಗಳ ಕಪ್ಪುಬಿಳುಪು ಫೋಟೋಗಳಿಂದಲೂ ಹೆಸರಾದವರು. ರಾಜನ ಮಗ ಬಜೆಟ್ ಓದಿದ, ರಾಜನ ಮನೆ ಬಾಡಿಗೆಗೆ ಸಿಗುತ್ತದೆ. ಅಕ್ಕ ಚಹಾದ ಬೆಲೆ ನೋಡಿ ಹುಬ್ಬೇರಿಸಿದಳು, ಆದರೂ ಎರಡು ಕುಡಿದಳು.

ಅಲ್ಲಿ ಕೂತಾಗಲೇ ಅವಳು ತನ್ನ ಹಳೆಯ ಚಾಳಿಯಂತೆ ಇಸವಿಗಳನ್ನು ಜೋಡಿಸತೊಡಗಿದ್ದು.

"1796. ಸಂಡೂರಿನ ದೊರೆ, ಇನ್ನೊಬ್ಬ ಸಿದ್ದೋಜಿ, ತೀರಿಕೊಂಡ, ಮಕ್ಕಳಿಲ್ಲ. ಅವನ ಹೆಂಡತಿ ಶಿವರಾವ್ ಅಂತ ಒಬ್ಬ ಹುಡುಗನ್ನ ದತ್ತು ತಗೊಂಡಳು. ಅದೇ ವರ್ಷ ಜನವರಿಯಲ್ಲಿ ಬ್ರೈಟನ್ ಜಾರ್ಜನಿಗೆ ಮಗಳು ಹುಟ್ಟಿದಳು, ಷಾರ್ಲೆಟ್. ಗಂಡಹೆಂಡತಿಗೆ ಮೊದಲ ದಿನದಿಂದ ಆಗಿಬರಲಿಲ್ಲ. ಮಗಳು ಹುಟ್ಟಿದ್ದೇ ಬೇರೆಯಾದರು. ಒಬ್ಬಳೇ ಮಗಳು, ಮುಂದೆ ರಾಣಿ ಆಗಬೇಕಾದವಳು."

"ಆಮೇಲೆ?"

"ಆಮೇಲೆ 1817."

ಆ ವರ್ಷದ ಅಕ್ಟೋಬರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಥಾಮಸ್ ಮನ್ರೋ ಸೈನ್ಯದೊಂದಿಗೆ ಈ ಕಣಿವೆಗೆ ಬಂದ. ಸಂಡೂರಿನ ಮೇಲೆ ಪೇಶ್ವೆ ಎರಡನೇ ಬಾಜೀರಾಯನಿಗೆ ಕಣ್ಣಿತ್ತು. ಎರಡು ವರ್ಷ ಹಿಂದೆ ಇಲ್ಲಿನ ಬೆಟ್ಟದ ಕುಮಾರಸ್ವಾಮಿಯ ದರ್ಶನದ ನೆಪದಲ್ಲಿ ದಂಡು ತಂದಿದ್ದ. ದರ್ಶನಕ್ಕೆ ಬರುವುದಾದರೆ ನಾಲ್ಕು ಜನರೊಂದಿಗೆ ಬಾ ಎಂದು ಶಿವರಾವ್ ತಡೆದಿದ್ದ. ಹಾಗಾಗಿ ಪೇಶ್ವೆ ಕಂಪನಿಯೊಡನೆ ಮಾಡಿಕೊಂಡ ಒಪ್ಪಂದದ ಹಳೆಯ ಕಾಗದ ತೆಗೆದು, ಕಂಪನಿಯೇ ಇವನನ್ನು ಇಳಿಸಿಕೊಡಲಿ ಎಂದ. ಮನ್ರೋ ಬಂದ, ಶಿವರಾವ್ ಕಾದಾಡದೆ ಕಣಿವೆ ಬಿಟ್ಟುಕೊಟ್ಟ. ಬದಲಿಗೆ 10,000 ರೂಪಾಯಿಯ ಜಹಗೀರು. ಕೆಲವೇ ದಿನ. ನವೆಂಬರ್ 5ರಂದು ಅದೇ ಪೇಶ್ವೆ ಪುಣೆಯ ಹತ್ತಿರ ಖಡ್ಕಿಯಲ್ಲಿ ಕಂಪನಿಯ ಮೇಲೇ ಬಿದ್ದ. ಯಾರಿಗಾಗಿ ಸಂಡೂರನ್ನು ಕಿತ್ತರೋ ಅವನೇ ಶತ್ರುವಾದ ಮೇಲೆ ಆ ಕೆಲಸಕ್ಕೆ ಅರ್ಥ ಉಳಿಯಲಿಲ್ಲ. ಮನ್ರೋನೇ ಶಿಫಾರಸು ಮಾಡಿ 1818ರಲ್ಲಿ ಶಿವರಾವ್‌ಗೆ ಕಣಿವೆಯನ್ನು ಮರಳಿಸಿದ, 1826ರಲ್ಲಿ ಸನದೂ ಬಂತು.

"ಖಡ್ಕಿ ಕಾಳಗ ನಡೆದ ದಿನವೇ ರಾತ್ರಿ ಇಂಗ್ಲೆಂಡಿನಲ್ಲಿ ಷಾರ್ಲೆಟ್‌ಗೆ ಹೆರಿಗೆ ಆಯಿತು," ಎಂದಳು ಅಕ್ಕ. "ಗಂಡುಮಗು, ಸತ್ತೇ ಹುಟ್ಟಿತು. ಬೆಳಗಾಗೋದರೊಳಗೆ ಅವಳೂ ಹೋದಳು. ಇಪ್ಪತ್ತೊಂದು ವರ್ಷ. ಜಾರ್ಜ್ ಆಗ ತನ್ನ ಗುಂಬಜು ಏರಿಸ್ತಾ ಇದ್ದ."

ಅವನಿಗೆ ಎಷ್ಟು ಮನೆ! ಕಾರ್ಲ್‌ಟನ್ ಹೌಸನ್ನು ತಿದ್ದಿ ಕಟ್ಟಿಸಿ ಕೆಡವಿಸಿದ, ಬಕಿಂಗ್‌ಹ್ಯಾಂ ಅರಮನೆಗೆ ಕೈಹಚ್ಚಿ ಅದು ಮುಗಿಯುವ ಮೊದಲೇ 1830ರಲ್ಲಿ ವಿಂಡ್ಸರಿನಲ್ಲಿ ಸತ್ತ. ಮನೆ ಕೊಡಲು ಮಕ್ಕಳಿಲ್ಲ. ಅವರಲ್ಲಿ ರಾಜನಿಗೆ ದತ್ತು ತೆಗೆದುಕೊಳ್ಳುವ ಪದ್ಧತಿಯಿಲ್ಲ. ಸಿಂಹಾಸನಕ್ಕೆ ವಾರಸುದಾರರು ಬೇಕೆಂದು ನಡುವಯಸ್ಸು ದಾಟಿದ ತಮ್ಮಂದಿರು ತರಾತುರಿಯಲ್ಲಿ ಮದುವೆಯಾದರು. ಅಂಥದೊಂದು ಮದುವೆಯಿಂದ 1819ರಲ್ಲಿ ಹುಟ್ಟಿದವಳು ವಿಕ್ಟೋರಿಯಾ. ದೊಡ್ಡಪ್ಪನ ಬ್ರೈಟನ್ ಮನೆ ಅವಳಿಗೆ ಹಿಡಿಸಲಿಲ್ಲ. 1850ರಲ್ಲಿ ಊರಿನವರಿಗೇ ಮಾರಿಬಿಟ್ಟಳು.

ಇತ್ತ ಶಿವರಾವ್ 1840ರಲ್ಲಿ ತೀರಿಕೊಂಡಾಗ ಸಹೋದರನ ಮಗ ವೆಂಕಟರಾವ್ ದತ್ತುಪುತ್ರನಾಗಿ ಗದ್ದುಗೆ ಏರಿದ. ಹತ್ತು ವರ್ಷ ತಡವಾಗಿದ್ದರೆ ಕಂಪನಿಯ ಗವರ್ನರ್ ಜನರಲ್ ಡಾಲ್‌ಹೌಸಿ ದತ್ತು ಒಪ್ಪುವುದಿಲ್ಲವೆಂಬ ನೆಪದಲ್ಲಿ ಈ ಕಣಿವೆಯನ್ನೂ ನುಂಗುತ್ತಿದ್ದನೇನೋ. ಇಪ್ಪತ್ತನೇ ಶತಮಾನದಲ್ಲೂ ಅದೇ ಆಯಿತು: 1927ರಲ್ಲಿ ದೊರೆ ತೀರಿಕೊಂಡ ಮೇಲೆ ಇನ್ನೊಂದು ಕವಲಿನಿಂದ ತರುಣ ಯಶವಂತರಾವ್‌ನನ್ನು ತಂದು ಕೂರಿಸಿದರು. 1949ರಲ್ಲಿ ಸಂಸ್ಥಾನವನ್ನು ಮದರಾಸು ಪ್ರಾಂತಕ್ಕೆ ಒಪ್ಪಿಸಿದವನು ಅವನೇ. ಉಡ ಗೋಡೆ ಬಿಡದಿದ್ದುದು ಹೀಗೆ, ಇನ್ನೊಬ್ಬರ ಮಕ್ಕಳ ಕೈಯಿಂದ.

ಅಕ್ಕ ಲೋಟ ಕೆಳಗಿಟ್ಟಳು. "ಕೊಟ್ಟ ತಾಯಂದಿರು ಎಲ್ಲೋ ಇದರಲ್ಲಿ?"

ನಾನು ಉತ್ತರ ಕೊಡಲಿಲ್ಲ. ಅವಳು ಸಂಡೂರಿನ ಬಗ್ಗೆ ಕೇಳುತ್ತಿಲ್ಲ ಎಂದು ಗೊತ್ತಾಗಿತ್ತು. ನಮ್ಮಪ್ಪ ದತ್ತು ಬಂದವರು. ನಂಜನಗೂಡಿನ ಕಡೆಯ ಹಳ್ಳಿಯಲ್ಲಿ ಹುಟ್ಟಿ, ಐದನೇ ವಯಸ್ಸಿಗೆ ಮೈಸೂರಿನ ಅಗ್ರಹಾರದ ಮನೆಗೆ ಬಂದವರು. ಈಗ ನಾನಿರುವುದು ಆ ಮನೆಯಲ್ಲೇ. ಪಡಸಾಲೆಯ ಗೋಡೆಯಲ್ಲಿ ಸಾಕಿದ ಅಜ್ಜ-ಅಜ್ಜಿಯ ಫೋಟೋ ಇದೆ, ಗಂಧದ ಹಾರ ಹಾಕಿ. ಹೆತ್ತ ಅಜ್ಜಿಯ ಫೋಟೋ ಇಲ್ಲ. ಅವರು ವರ್ಷಕ್ಕೊಮ್ಮೆ ಚಾಮುಂಡಿ ತೇರಿಗೆ ಬಂದು, ನಮ್ಮ ಜಗಲಿಯ ಮೇಲೆ ಕೂತು, ನೀರು-ಬೆಲ್ಲ ತೆಗೆದುಕೊಂಡು ಹೋಗುತ್ತಿದ್ದರಂತೆ. ಒಳಗೆ ಬನ್ನಿ ಅಂದರೆ ಕಾಲು ಕೆಸರು ಎನ್ನುತ್ತಿದ್ದರಂತೆ. ಅವರು ಹೋದಾಗ ಅಪ್ಪ ಮೂರೇ ದಿನ ಸೂತಕ ಹಿಡಿದರು. ಶಾಸ್ತ್ರ ಅಷ್ಟೇ.

ಕುಮಾರಸ್ವಾಮಿ ಬೆಟ್ಟಕ್ಕೆ ಹೊರಟಾಗ ಮೋಡ ಇಳಿದಿತ್ತು. ದಾರಿಯಲ್ಲಿ ಸೀತಾಫಲ ಮಾರುವ ಹೆಂಗಸರು, ಬುಟ್ಟಿಯ ಮೇಲೆ ಹಸಿ ಎಲೆ ಮುಚ್ಚಿಕೊಂಡು. ಒಬ್ಬಳು ಲಂಬಾಣಿ ಅಜ್ಜಿ, ಕನ್ನಡಿ ಕೂರಿಸಿದ ರವಿಕೆ, ತೋಳಿನ ತುಂಬ ಬಿಳಿ ಬಳೆ. ಈ ತಾಲ್ಲೂಕಿನ ತಾಂಡಾಗಳ ಕಸೂತಿಗೆ ಈಗ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಅಕ್ಕ ಅವಳ ರವಿಕೆಯನ್ನೇ ನೋಡುತ್ತ ಹಣ್ಣು ಆರಿಸುವುದು ಮರೆತಳು.

ಬೆಟ್ಟದ ಮೇಲೆ ಎರಡು ಗುಡಿ. ಪಾರ್ವತಿಯದು ಹಳೆಯದು, ಬಾದಾಮಿ ಚಾಲುಕ್ಯರ ಕಾಲದ್ದು. ಪಕ್ಕದಲ್ಲಿ ಮಗ ಕುಮಾರಸ್ವಾಮಿಯದು, ರಾಷ್ಟ್ರಕೂಟರ ಕಾಲದ್ದು. ಮಗನ ಗರ್ಭಗುಡಿಯ ದರ್ಶನ ಹೆಂಗಸರಿಗೆ ಇಲ್ಲ, ಅದು ಇಲ್ಲಿ ಹಿಂದಿನಿಂದ ಬಂದ ನಡಾವಳಿ. ಅಕ್ಕನಿಗೆ ಮೊದಲೇ ಗೊತ್ತಿತ್ತು. "ನೀನು ಹೋಗಿ ಬಾ," ಎಂದು ತಾಯಿಯ ಗುಡಿಯ ಕಡೆ ನಡೆದಳು. ನಾನು ಒಳಗೆ ಹೋದೆ, ಕೈಮುಗಿದೆ, ಮಂಗಳಾರತಿ ತೆಗೆದುಕೊಂಡೆ. ಏನು ಕೇಳಿಕೊಂಡೆ ಎಂದು ನೆನಪಿಲ್ಲ. ಹೊರಗೆ ಬಂದಾಗ ಅಕ್ಕ ವಿಭೂತಿ ಮಾರುವ ಹೆಂಗಸಿನ ಪಕ್ಕ ಕಲ್ಲಿನ ಮೇಲೆ ಕೂತು, ಆಗಲೇ ಅರ್ಧ ನೆಂಟಸ್ತಿಕೆ ಬೆಳೆಸಿದ್ದಳು.

"ಇದು ಸುಟ್ಟ ವಿಭೂತಿ ಅಲ್ರಿ ಅಮ್ಮಾ, ಬೆಟ್ಟದಾಗ ಸಿಗೋ ಮಣ್ಣು," ಎನ್ನುತ್ತಿದ್ದಳು ಆಕೆ. "ಅಣ್ಣ ಗಣಪ್ಪಗ ಮೊದಲ ಮದುವಿ ಮಾಡಿದ್ರು ಅಂತ ಸಿಟ್ಟಾಗಿ ಸ್ವಾಮಿ ಇಲ್ಲಿಗೆ ಬಂದ. ತಾಯಿ ಹಿಂದಿಂದನ ಕರಿಯಾಕ ಬಂದ್ಲು. ಬರಲ್ಲ ಅಂದ. ಹಂಗಾದ್ರ ನಾ ಕುಡಿಸಿದ ಹಾಲು ಕೊಡು ಅಂದ್ಲು. ಕಕ್ಕಿಬಿಟ್ಟ. ಆ ಹಾಲ ಇದು, ನೋಡ್ರಿ ಎಷ್ಟು ಬೆಳ್ಳಗೈತಿ."

ಅಕ್ಕ ಹೆಂಟೆಯನ್ನು ಬೆರಳಲ್ಲಿ ಉಜ್ಜಿದಳು. ತುಂಬ ಹೊತ್ತಿನ ಮೇಲೆ, ನನಗೋ ಆಕೆಗೋ ಎಂದು ತಿಳಿಯದ ಹಾಗೆ, "ಹಾಲು ವಾಪಸು ಕೇಳಿದಳು, ಸರಿ. ಆದರೆ ಬಿಟ್ಟು ಹೋಗಲಿಲ್ಲ ನೋಡು. ಪಕ್ಕದಲ್ಲೇ ಮನೆ ಮಾಡಿಕೊಂಡು ಕೂತಳು," ಎಂದಳು.

"ಎಲ್ಲಿ ಹೋಗ್ತಾಳ್ರಿ," ಎಂದಳು ಮಾರುವವಳು, ಚಿಲ್ಲರೆ ಎಣಿಸುತ್ತ.

ರಾಮನದುರ್ಗವನ್ನು ಸಂಜೆ ಹೊತ್ತಿಗೆ ನೋಡಿದೆವು. ಮೂರು ಸಾವಿರ ಅಡಿ ಮೀರಿದ ಎತ್ತರ, ತಣ್ಣಗಿನ ಗಾಳಿ. ಬಳ್ಳಾರಿ ದಂಡಿನ ಗೋರಾ ಸಿಪಾಯಿಗಳು ಬಿಸಿಲಿಗೆ ಕಾಯಿಲೆ ಬಿದ್ದು ಸಾಯುತ್ತಿದ್ದರು. ಅವರಿಗೆ ಆರೋಗ್ಯಧಾಮ ಬೇಕೆಂದು ಕಂಪನಿ ಕೇಳಿತು, 1840ರ ದಶಕದಲ್ಲಿ ವೆಂಕಟರಾವ್ ಈ ಬೆಟ್ಟ ಬಿಟ್ಟುಕೊಟ್ಟ. ಸನದು ಕೊಟ್ಟವರು ಬೆಟ್ಟ ಕೇಳಿದರೆ ಇಲ್ಲ ಎನ್ನುವುದು ಹೇಗೆ? ಈಗ ಪಾಳು ಬಂಗಲೆಗಳ ಗೋಡೆಗಳನ್ನು ಬಳ್ಳಿ ತಬ್ಬಿದೆ. ಅಗ್ಗಿಷ್ಟಿಕೆಯ ಗೂಡೊಂದರಲ್ಲಿ ಆಡು ಮಲಗಿತ್ತು.

ಅಕ್ಕನಿಗೆ ಮತ್ತೆ ಬ್ರೈಟನ್ ನೆನಪಾಯಿತು. ಮೊದಲ ಮಹಾಯುದ್ಧ ಶುರುವಾದಾಗ, ಫ್ರಾನ್ಸಿನಲ್ಲಿ ಗಾಯಗೊಂಡ ಭಾರತದ ಸಿಪಾಯಿಗಳಿಗೆ ಜಾರ್ಜನ ಆ ಮನೆಯನ್ನೇ ಆಸ್ಪತ್ರೆ ಮಾಡಿದರು. 1914ರ ಕೊನೆಯಿಂದ 1916ರ ಆರಂಭದವರೆಗೆ ನಮ್ಮ ಹುಡುಗರು ಆ ಗುಂಬಜುಗಳ ಕೆಳಗೆ ಸಾಲು ಮಂಚದಲ್ಲಿ ಮಲಗಿ ನರಳಿದ್ದಾರೆ. ಗೋಡೆಯಲ್ಲಿ ತೂಗುಹಾಕಿದ ಆ ಫೋಟೋ ನೋಡಿಯೇ ಅವಳಿಗೆ ಊರಿಗೆ ಬರುವ ಮನಸ್ಸಾಯಿತಂತೆ. ಅವರ ಸಿಪಾಯಿ ನಮ್ಮ ರಾಜನ ಬೆಟ್ಟದಲ್ಲಿ, ನಮ್ಮ ಸಿಪಾಯಿ ಅವರ ರಾಜನ ಮನೆಯಲ್ಲಿ. ಇಬ್ಬರನ್ನೂ ಕಳಿಸಿಕೊಟ್ಟವರು ಯಾವ ಜಗಲಿಯ ಮೇಲೆ ಕಾಯುತ್ತಿದ್ದರೋ.

ಕೊನೆಯ ದಿನ ಕಂಪ್ಲಿ. ಅಲ್ಲಿಗೆ ಹೋಗುವ ಹೊತ್ತಿಗೆ ನನಗೆ ರಾಜರು ಸಾಕಾಗಿದ್ದರು. ಆದರೆ ಕಂಪ್ಲಿಯೆಂದರೆ ಗದ್ದೆ, ಗದ್ದೆಗೆ ನೀರು ಹಾಯಿಸುವ ವಿಜಯನಗರದ ಕಾಲುವೆ, ತುಂಗಭದ್ರೆ. ಕಣ್ಣಿಗೆ ತಂಪು. ಡ್ಯಾಮಿನಿಂದ ನೀರು ಬಿಟ್ಟಿದ್ದರು, ಗಂಗಾವತಿ ಕಡೆಯ ಸೇತುವೆಯ ಮೈಗೆ ಹೊಳೆ ತಾಗಿಕೊಂಡೇ ಹರಿಯುತ್ತಿತ್ತು. ಇನ್ನೆರಡು ಅಡಿ ಏರಿದರೆ ಬಸ್ಸು ಬಂದ್ ಎಂದರು. ಆಚೆ ದಡದ ನೆಂಟರಿಗೆ ಕೈಬೀಸಿ ಮಾತಾಡುವವರನ್ನು ಆಗ ನೋಡಬೇಕಂತೆ.

ವಿಜಯನಗರಕ್ಕೂ ಮೊದಲು ಇಲ್ಲಿ ಕಂಪಿಲರಾಯ ಆಳಿದ. 1327ರಲ್ಲಿ ತುಘಲಕನ ದಂಡು ಬಂದು ಆ ರಾಜ್ಯ ಮುಗಿಯಿತು. ಆದರೂ ಜನ ಮರೆಯದಿರುವುದು ಅವನ ಮಗ ಕುಮಾರರಾಮನನ್ನು. ಮೋಹಿಸಿದ ಮಲತಾಯಿಯನ್ನು ತಳ್ಳಿದ, ಅವಳು ಹೇಳಿದ ಸುಳ್ಳಿಗೆ ತಂದೆ ಮರಣದಂಡನೆ ಕೊಟ್ಟ, ಮಂತ್ರಿ ನೆಲಮಾಳಿಗೆಯಲ್ಲಿ ಬಚ್ಚಿಟ್ಟ. ಶತ್ರು ಬಂದಾಗ ಅದೇ ತಂದೆಗಾಗಿ ಹೊರಗೆ ಬಂದು ಕಾದಿ ಸತ್ತ. ಸ್ವಂತ ಮನೆಯ ನೆಲದಡಿಯಲ್ಲೇ ಅಡಗಿ ಬದುಕಿದ ರಾಜಕುಮಾರ.

ಹೊಳೆಯ ದಂಡೆಯಲ್ಲಿ ಕೋಟೆ ಇದೆ. ಒಳಗೆ ಹೋದರೆ ಸ್ಮಾರಕವಲ್ಲ, ಓಣಿ. ಕೋಟೆಯ ಕಲ್ಲಿಗೇ ಒರಗಿ ನಿಂತ ಮನೆಗಳು, ಎಮ್ಮೆ, ಕೊಳವೆಬಾವಿ, ಹಗ್ಗದ ಮೇಲೆ ಯೂನಿಫಾರ್ಮು. ಒಬ್ಬ ತಾಯಿ ಹೊಸ್ತಿಲಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. ಅಕ್ಕ ಅಭ್ಯಾಸಬಲದಿಂದ ಕೇಳಿದಳು, "ಈ ಕೋಟೆಯಲ್ಲಿ ಯಾರಿದ್ದರಮ್ಮ?"

ಆಕೆ ತಲೆ ಎತ್ತದೆ, "ನಾವs ಅದೀವಲ್ರಿ," ಎಂದಳು. ಆಮೇಲೆ ಒಳಗೆ ಕರೆದು ಕೂರಿಸಿ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಹಾಕಿದಳು. ಬೇಡವೆಂದರೆ ಕೇಳಲಿಲ್ಲ. ಅಕ್ಕನ ಕಾಲು ನಿಜಕ್ಕೂ ಕೆಸರಾಗಿತ್ತು. ಬಾಗಿಲಲ್ಲಿ ತಡೆದು ನಿಂತವಳಿಗೆ ಆಕೆಯೇ ತಂಬಿಗೆ ತಂದು ಕಾಲಿಗೆ ನೀರು ಹಾಕಿದಳು.

ಮೈಸೂರಿಗೆ ಬಂದ ವಾರದಲ್ಲಿ ಅಕ್ಕ ನಂಜನಗೂಡಿನ ಹತ್ತಿರದ ನಮ್ಮ ಅತ್ತೆಗೆ ಫೋನು ಮಾಡಿದಳು. ತೊಂಬತ್ತರ ಹತ್ತಿರ ವಯಸ್ಸು, ಕಿವಿ ಮಂದ, ನೆನಪು ಚುರುಕು. ಅಪ್ಪನನ್ನು ಕೊಟ್ಟ ದಿನ ಹೋಳಿಗೆ ಮಾಡಿದ್ದು, ಮಳೆ ಬಂದದ್ದು, ಗಾಡಿಯ ಎತ್ತಿನ ಬಣ್ಣ, ಎಲ್ಲ ಹೇಳಿದರು. ಹೆತ್ತ ಅಜ್ಜಿಯ ಹೆಸರೇನು ಎಂದು ಕೇಳಿದಾಗ ಸುಮ್ಮನಾದರು. ಲೈನು ಹೋಯಿತೇನೋ ಎಂದುಕೊಂಡೆವು.

"ಹೆಸರಾ?" ಎಂದರು ಕೊನೆಗೆ. "ಹೆಸರು ಇತ್ತಪ್ಪ. ನಾವೆಲ್ಲ ಹಳೇಮನೆ ಅಮ್ಮ ಅಂತಿದ್ವಿ."